ದೊಡ್ಡಪ್ಪನ ರಕ್ತದ ಎರಡು ಲೆಕ್ಕ

ಬಂದ ಮೊದಲ ದಿನವೇ ಅವನು ಡಾಕ್ಟರಮ್ಮನ ಎದುರಿಗೆ, "ಇವ್ರದು ಕಣ್ಣಳತೆ ಲೆಕ್ಕ, ಒಂದೆರಡು ಆಚೀಚೆ ಆಗುತ್ತೆ" ಅಂದುಬಿಟ್ಟ. ಅಷ್ಟಕ್ಕೇ ಅವಳು ಅವನ ಜೊತೆ ಮಾತು ಬಿಟ್ಟಳು. ಜಗಳ ಆಡುವುದಕ್ಕೂ ಮೈಯಲ್ಲಿ ತ್ರಾಣ ಬೇಕು. ಮಾತು ಬಿಡುವುದಕ್ಕೆ ಅದರ ಖರ್ಚಿಲ್ಲ.

ಪ್ರಾಣಿಗಳ ಆಸ್ಪತ್ರೆಯ ಹಿಂಬದಿಯ ಲ್ಯಾಬು ಅವಳದು. ನಾಯಿಗಳ ರಕ್ತದಲ್ಲಿ ಕೆಂಪು ಕಣ ಎಷ್ಟಿದೆ ಎಂದು ಅಳೆಯುವುದೇ ಅಲ್ಲಿ ಅರ್ಧ ಕೆಲಸ. ಕಡ್ಡಿಯಷ್ಟು ಸಣ್ಣ ಗಾಜಿನ ಕೊಳವೆಗೆ ರಕ್ತ ಎಳೆದು, ತುದಿ ಮುಚ್ಚಿ, ಗಿರಗಿರ ತಿರುಗಿಸಿದರೆ ಕೆಂಪೆಲ್ಲ ತಳಕ್ಕೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ನೂರಕ್ಕೆ ಎಷ್ಟು ಪಾಲು ಕೆಂಪು ಎಂದು ಅಳತೆಪಟ್ಟಿ ಹಿಡಿದು ಓದಿದರೆ ಮುಗಿಯಿತು.

ಕಂಪನಿಯ ಕಡೆಯಿಂದ ಅವನು ತಂದದ್ದು ಹೊಸ ಮೆಷಿನ್ನು. ಅದು ಕಣಗಳನ್ನು ತಾನೇ ಎಣಿಸಿ ಚೀಟಿ ಕೊಡುತ್ತದೆ. ಎರಡೂ ಲೆಕ್ಕ ತಾಳೆಯಾದರೆ ಮೆಷಿನ್ನು ಇಲ್ಲೇ ಉಳಿಯುತ್ತದೆ, ಅವನು ಮುಂದಿನ ಊರಿನ ಆಸ್ಪತ್ರೆಗೆ ಹೊರಡುತ್ತಾನೆ. ತಾಳೆಯಾಗುವ ತನಕ ಅವನೂ ಇಲ್ಲೇ. ಬೇಗ ತಾಳೆಯಾಗಿ ತೊಲಗಲಿ ಎಂದು ಅವಳು ಮನಸಾರೆ ಬಯಸಿದಳು.

ಕಾಯಿಲೆ ಬಿದ್ದ ನಾಯಿಗಳಿಂದ ತೊಂದರೆ ಇರಲಿಲ್ಲ. ಡಾಕ್ಟರಮ್ಮ ಒಂದೇ ಸಲ ತೆಗೆದುಕೊಟ್ಟ ರಕ್ತವನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದರು, ಲೆಕ್ಕ ಸರಿಯಾಗಿ ಕೂರುತ್ತಿತ್ತು. ಕೈಕೊಟ್ಟವನು ದೊಡ್ಡಪ್ಪ. ಆಸ್ಪತ್ರೆಯಲ್ಲೇ ಬೆಳೆದ ಕಂದು ನಾಯಿ, ಬೇರೆ ನಾಯಿಗಳಿಗೆ ಆಪತ್ತು ಬಂದಾಗ ರಕ್ತ ಕೊಡುವ ಹಿರಿಯ ಜೀವ, ಅದಕ್ಕೇ ಆ ಹೆಸರು. ಹೋಲಿಕೆಗೆ ಗಟ್ಟಿಮುಟ್ಟಾದ ನಾಯಿಯೊಂದು ಬೇಕೆಂದು ದಿನವೂ ದೊಡ್ಡಪ್ಪನ ರಕ್ತವನ್ನು ಎರಡೂ ಬಗೆಯಲ್ಲಿ ನೋಡಬೇಕಿತ್ತು. ಮಾತೇ ಇಲ್ಲದವರು ಒಂದೇ ಸಿರಿಂಜು ಹಂಚಿಕೊಳ್ಳುವುದು ಹೇಗೆ? ಬೆಳಿಗ್ಗೆ ಬಂದ ಕೂಡಲೇ ಅವನು ತೆಗೆಯುತ್ತಿದ್ದ, ಊಟವಾದ ಮೇಲೆ ಅವಳು. ಮೆಷಿನ್ನು ಐವತ್ತೆರಡು ಎಂದರೆ ಕೊಳವೆ ನಲವತ್ತಾರು ಎನ್ನುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ.

ದೊಡ್ಡಪ್ಪನ ಮುಂಗಾಲಿನ ಬೋಳಿಸಿದ ಜಾಗ ನೋಡಿ ಡಾಕ್ಟರಮ್ಮ ನಿಟ್ಟುಸಿರುಬಿಟ್ಟರು. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಂಗಾಯ್ತು ಇವನ ಪಾಡು."

ಅವಳು ಸರ್ರನೆ ಕೊಳವೆಯ ಕಡೆ ತಿರುಗಿದಳು. ತಿರುಗುವ ಮೊದಲು, ಮೆಷಿನ್ನಿನ ಮುಂದೆ ಕೂತಿದ್ದ ಅವನ ಕಿವಿ ಕೆಂಪಾದದ್ದು ಕಂಡಿತು. ನಗು ಬಂತು, ನುಂಗಿಕೊಂಡಳು.

ಆ ನಗುವೇ ಎಡವಟ್ಟು ಮಾಡಿದ್ದು. ಆಮೇಲೆ ಅವನು ಕಣ್ಣಿಗೆ ಬೀಳತೊಡಗಿದ. ಊರೂರು ಅಲೆದು ಅಂಚು ಸವೆದ ಅವನ ಚೀಲ. ಬಾಡಿಗೆ ಕೋಣೆಗಳಲ್ಲಿ ನಿದ್ದೆ ಬಾರದೆ, ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಸುವ ಅವನ ತಲೆ. ತಲೆಯ ಮೇಲಿನ ಟ್ಯೂಬ್‌ಲೈಟಿನ ಬೆಳಕಿಗೆ ಅವಳು ಕಣ್ಣು ಕಿರಿದು ಮಾಡಿದ್ದನ್ನು ನೋಡಿ, ಅವನೇ ಎದ್ದು ಅದನ್ನು ಆರಿಸಿ, ಕಿಟಕಿಯ ಪರದೆ ಸರಿಸಿ ಬಂದು ಕೂತ. ಅವಳ ಗಂಡನಾಗಿದ್ದವನಿಗೆ ಎರಡು ವರ್ಷದಲ್ಲಿ ಒಮ್ಮೆಯೂ ಅವಳ ತಲೆನೋವು ಕಂಡಿರಲಿಲ್ಲ. ಅವನನ್ನು ಬಿಟ್ಟು ಬಂದು ಅಕ್ಕನ ಮನೆಯಲ್ಲಿ ಇದ್ದಾಳೆ. ಅಕ್ಕ ಒಳ್ಳೆಯವಳು, ಭಾವನೂ ಒಳ್ಳೆಯವರು. ಆದರೂ ಇನ್ನೊಬ್ಬರ ಮನೆಯಲ್ಲಿ ಬಾಗಿಲು ಸದ್ದಾಗದಂತೆ ಹಾಕುತ್ತ ಬದುಕುವುದು ಆಯಾಸದ ಕೆಲಸ.

ಒಂದು ಮಧ್ಯಾಹ್ನ ಅವನೇ, ಕಣ್ಣಳತೆ ಅಂದದ್ದು ತಪ್ಪಾಯಿತು ಎಂದ. ಅವಳು, ತಪ್ಪಾಗಿರುವುದು ನೂರಕ್ಕೆ ಎಷ್ಟು ಪಾಲು ಎಂದು ಕೇಳಿದಳು. ನೂರಕ್ಕೆ ನೂರು ಎಂದ. ಅಲ್ಲಿಂದ ಮಾತು ಶುರುವಾಯಿತು. ತನ್ನ ಡಬ್ಬಿಯ ಅರ್ಧ ಊಟ ಅವನ ಕಡೆ ತಳ್ಳುವುದು ಯಾವಾಗ ಅಭ್ಯಾಸವಾಯಿತೋ ಅವಳಿಗೇ ತಿಳಿಯಲಿಲ್ಲ. ಆದರೆ ದೊಡ್ಡಪ್ಪನಿಗೆ ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು ಚುಚ್ಚುವ ಪದ್ಧತಿ ಹಾಗೇ ನಡೆಯಿತು. ಅದನ್ನು ಬದಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಒಂದು ದಿನ ಮೆಷಿನ್ನು ಸುಮ್ಮನಾಯಿತು. ಒಳಗೇನೋ ಕಟ್ಟಿಕೊಂಡಿದೆ, ತೊಳೆಯುತ್ತಿದ್ದೇನೆ ಎಂದು ಅವನು ಪಕ್ಕದಲ್ಲೇ ಕೂತಿರುತ್ತಿದ್ದ. ಮೂರನೆಯ ದಿನ ಬೆಳಿಗ್ಗೆ, ಹೇಗೂ ಅವನು ತೆಗೆಯುವುದಿಲ್ಲವಲ್ಲ ಎಂದು ಅವಳೇ ಸಿರಿಂಜು ಹಿಡಿದು ದೊಡ್ಡಪ್ಪನ ಮುಂದೆ ಕೂತಳು. ಅಷ್ಟರಲ್ಲಿ ಹೊರಗೆ ಅವನ ಹೆಜ್ಜೆ ಸದ್ದಾಯಿತು. ಮಂಪರಿನಲ್ಲಿದ್ದ ದೊಡ್ಡಪ್ಪ ಧಡಕ್ಕನೆ ಎದ್ದ. ಬಾಲ ಸಾಲದೆ ಸೊಂಟವನ್ನೂ ಅಲ್ಲಾಡಿಸುತ್ತ, ಒಳಗೆ ಬಂದವನ ಮೇಲೆ ಬಿದ್ದು ಮುಖ ನೆಕ್ಕಿದ. ಅವನು ಹೊರಗೆ ಹೋದ ಮೇಲೆ, ಇನ್ನೂ ಏದುಸಿರು ಬಿಡುತ್ತಿದ್ದ ನಾಯಿಯನ್ನು ಹಿಡಿದುಕೊಂಡು ಅವಳು ರಕ್ತ ತೆಗೆದಳು.

ಕೊಳವೆ ಐವತ್ತೆರಡು ತೋರಿಸಿತು.

ಅವಳದೇ ಕೊಳವೆ, ಅವಳದೇ ಕಣ್ಣು. ಮತ್ತೊಮ್ಮೆ ಓದಿದಳು. ಪರೀಕ್ಷೆಗೆಂದು ಓದಿ ಮರೆತಿದ್ದ ಪಾಠ ಆಗ ನೆನಪಾಯಿತು. ನಾಯಿಗೆ ಗಾಬರಿಯಾದರೆ, ಖುಷಿಯಾದರೆ, ಹೊಟ್ಟೆಯೊಳಗಿನ ಗುಲ್ಮ ಹಿಂಡಿಕೊಂಡು ತಾನು ಕೂಡಿಟ್ಟ ಕೆಂಪು ಕಣಗಳನ್ನೆಲ್ಲ ರಕ್ತಕ್ಕೆ ಸುರಿಯುತ್ತದೆ. ಮೆಷಿನ್ನೂ ಸರಿ, ಕೊಳವೆಯೂ ಸರಿ. ಬೆಳಿಗ್ಗೆ ಅವನನ್ನು ಕಂಡು ಏರಿದ್ದು ಮಧ್ಯಾಹ್ನ ಅವಳ ಕಾಲ ಬಳಿ ಮಲಗಿದಾಗ ಇಳಿಯುತ್ತಿತ್ತು.

ಹೇಳಿದರೆ ಇವತ್ತೇ ಕೆಲಸ ಮುಗಿಯುತ್ತದೆ, ಅವನು ಹೋಗುತ್ತಾನೆ. ಹೇಳದಿದ್ದರೆ ಇರುತ್ತಾನೆ, ಇನ್ನೊಂದು ವಾರ, ಇನ್ನೊಂದು ತಿಂಗಳು. ಊಟದ ಡಬ್ಬಿ ತೆರೆಯದೆ ಅವಳು ಕೂತಳು. ಅವನು ಹೋಗುವುದು ಬೇಡವಾಗಿತ್ತು. ಎಷ್ಟೋ ಕಾಲದ ಮೇಲೆ ಅವಳಿಗೆ ಏನಾದರೂ ಬೇಕು ಅನ್ನಿಸಿತ್ತು. ದೊಡ್ಡಪ್ಪ ಬಂದು ಅಭ್ಯಾಸಬಲದಿಂದ, ಯಾರೂ ಕೇಳದೆಯೇ, ಮುಂಗಾಲು ಎತ್ತಿ ಅವಳ ತೊಡೆಯ ಮೇಲಿಟ್ಟ. ಆ ಕಾಲು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಅವನ ಬಳಿ ಹೋಗಿ ಕೊಳವೆಯನ್ನೂ ಅಳತೆಪಟ್ಟಿಯನ್ನೂ ಮುಂದಿಟ್ಟು ಎಲ್ಲವನ್ನೂ ಹೇಳಿದಳು.

ಅವನು ಕೊಳವೆ ನೋಡಲೇ ಇಲ್ಲ. "ನಂಗೆ ಗೊತ್ತು" ಎಂದ.

"ಯಾವಾಗಿಂದ?"

"ಮೂರು ದಿನದಿಂದ. ಮಧ್ಯಾಹ್ನ ನೀವು ತೆಗೆದು ಮಿಕ್ಕಿದ್ದ ರಕ್ತ ಮೆಷಿನ್ನಿಗೆ ಹಾಕಿ ನೋಡ್ದೆ. ನಲವತ್ತಾರೇ ಬಂತು."

"ಮತ್ತೆ ಈ ಮೆಷಿನ್ನು? ಕಟ್ಕೊಂಡಿದೆ ಅಂದ್ರಿ?"

"ಏನೂ ಕಟ್ಕೊಂಡಿಲ್ಲ." ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿಟ್ಟ. "ದೊಡ್ಡಪ್ಪಂಗೆ ಚುಚ್ಚೋಕೆ ಮನಸ್ಸು ಬರ್ಲಿಲ್ಲ. ನಿಮ್ಗೆ ಹೇಳೋಕೂ ಮನಸ್ಸು ಬರ್ಲಿಲ್ಲ. ಅದಕ್ಕೇ ತೊಳೀತಾ ಕೂತೆ."

ಅವಳಿಗೆ ಮೊದಲು ಸಿಟ್ಟು ಬಂತು. ಮಧ್ಯಾಹ್ನದ ಚುಚ್ಚುವಿಕೆ ಹಾಗೇ ನಡೆದಿತ್ತಲ್ಲ ಎಂದು ಬೈದಳು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಶುದ್ಧವಾಗಿರುವ ಮೆಷಿನ್ನನ್ನು ಮೂರು ದಿನ ತೊಳೆದ ಆ ಬಳಲಿದ ಮುಖ ನೋಡುತ್ತ ಅವಳ ಸಿಟ್ಟು ಕಣ್ಣೀರಾಯಿತು.

"ನಂಗೆ ಸುಸ್ತಾಗಿದೆ" ಎಂದಳು. "ಪ್ರೀತಿ ಗೀತಿ ಮಾಡೋಕೆ ಈಗ ಮೈಯಲ್ಲಿ ಶಕ್ತಿ ಇಲ್ಲ."

"ನಂಗೂ ಇಲ್ಲ" ಎಂದ ಅವನು. "ಕೂತ್ಕೊಂಡೇ ಮಾಡೋಣ ಬಿಡಿ."

ಅಳುತ್ತಲೇ ನಕ್ಕುಬಿಟ್ಟಳು. ಅವನು ಬೆಂಚಿನ ಮೇಲೆ ಸರಿದು ಜಾಗ ಮಾಡಿದ, ಅವಳು ಕೂತಳು. ಲೆಕ್ಕಗಳು ತಾಳೆಯಾಗಿವೆ ಎಂಬ ವರದಿಗೆ ಅವನು ಸಹಿ ಹಾಕಿ ಪೆನ್ನು ಕೊಟ್ಟ, ಅವಳೂ ಹಾಕಿದಳು. ಸೋಮವಾರದಿಂದ ಅವನು ಬೇರೆ ಊರಿನವನು. ಅವನ ಭುಜ ಅಲ್ಲೇ ಇತ್ತು. ಅವಳು ತಲೆ ಆನಿಸಿದಳು.

ಆ ಊರು ಎಷ್ಟು ದೂರ ಎಂದು ಕೇಳಿದಳು. ಬಸ್ಸಿನಲ್ಲಿ ಅರ್ಧ ದಿನ ಎಂದ. ಭಾನುವಾರ ಬರುತ್ತೇನೆ, ಆದರೆ ಬಂದ ಮೇಲೆ ಮಾತಾಡುವಷ್ಟು ಎಚ್ಚರವಿರುತ್ತೇನೋ ಇಲ್ಲವೋ ಎಂದೂ ಹೇಳಿದ.

"ನಿದ್ದೆನೇ ಮಾಡಿ" ಎಂದಳು, ಆಗಲೇ ರೆಪ್ಪೆ ಮುಚ್ಚುತ್ತ. "ಇಲ್ಲಿ ಬಂದು ಮಾಡಿ."