ಇನ್ನೊಂದೈದು ನಿಮಿಷದ ಮೇಷ್ಟ್ರು

“ಹೊಸಬರಾ? ಬನ್ನಿ, ಮುಂದೆ ಬನ್ನಿ. ಭಿನ್ನರಾಶಿ ಪಾಠ ಮಾಡಿ ನೋಡೋಣ.”

ಕೊನೆಯ ಬೆಂಚಿನಲ್ಲಿ ಸದ್ದಿಲ್ಲದೆ ಕೂತಿದ್ದವಳಿಗೆ ನಗು ಬಂತು. ಅವಳು ಬಂದಿದ್ದು ವಿಶ್ವವಿದ್ಯಾಲಯದಿಂದ. ಹಗಲೆಲ್ಲ ದುಡಿದು ಸಂಜೆ ಶಿಕ್ಷಕರ ತರಬೇತಿಗೆ ಬರುವವರ ಈ ಕೋರ್ಸ್ ಇರಬೇಕೋ, ಮುಚ್ಚಬೇಕೋ ಎಂದು ತೂಗಿ ನೋಡಿ ವರದಿ ಕೊಡುವುದು ಅವಳ ಕೆಲಸ. ಹಾಗಂತ ಹೇಳಿಬಿಡಬಹುದಿತ್ತು. ಆದರೆ ಮೇಷ್ಟ್ರು ಚಾಕ್‌ಪೀಸ್ ಚಾಚಿ, ಹುಬ್ಬು ಹಾರಿಸಿ ಕರೆದ ರೀತಿಗೆ ಎದ್ದು ಹೋಗಿಯೇಬಿಟ್ಟಳು.

ಪಾಠ ಮುಗಿಯಿತು. “ಚೆನ್ನಾಗಿದೆ,” ಎಂದರು ಮೇಷ್ಟ್ರು. “ಆದ್ರೆ ನೀವು ಪಾಠ ಮಾಡಿದ್ದು ಬೋರ್ಡಿಗೆ. ಮಕ್ಕಳು ಈ ಕಡೆ ಕೂತಿರ್ತಾರೆ.”

ಕ್ಲಾಸು ಘೊಳ್ಳೆಂದು ನಕ್ಕಿತು.

“ತಿದ್ಕೋತೀನಿ ಸಾರ್. ಅಂದ ಹಾಗೆ, ನಾನು ನಿಮ್ಮ ಕೋರ್ಸಿನ ಮೌಲ್ಯಮಾಪನಕ್ಕೆ ಬಂದಿರೋದು.”

ಮೇಷ್ಟ್ರ ಕಿವಿಗಳು ಕೆಂಪಗಾದವು. ಅದನ್ನು ನೋಡಿದ್ದೇ ತಡ, ಅವಳ ಎದೆ ಡವಡವ ಎನ್ನತೊಡಗಿತು. ಒಳ್ಳೇ ಫಜೀತಿ! ತೂಗಲು ಬಂದವಳ ತಕ್ಕಡಿಯೇ ವಾಲಿದರೆ ಹೇಗೆ ಎಂದು ತನ್ನನ್ನು ತಾನೇ ಬೈದುಕೊಂಡಳು.

ಮರುದಿನ ಮೇಷ್ಟ್ರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ ಕ್ಲಾಸಿನವರನ್ನು ಕೇಳಿದಳು. “ಈಗ ಹೇಳಿ, ನಿಮಗೆ ಏನು ಬೇಕು?”

ಲೈಬ್ರರಿ ಬೇಕು, ಫ್ಯಾನ್ ಬೇಕು ಅನ್ನುತ್ತಾರೆ ಎಂದುಕೊಂಡಿದ್ದಳು. ಎಲ್ಲರೂ ಟೈಲರಕ್ಕ ಎಂದು ಕರೆಯುವ ಹೆಂಗಸು ಎದ್ದು ನಿಂತಳು. “ಮೇಷ್ಟ್ರಿಗೊಂದು ಮದುವೆ ಮಾಡಿಸಿ ಮೇಡಂ.”

“ಏನಂದ್ರಿ?”

“ಅವರ ಪಾಠ ಬಂಗಾರ. ಆದ್ರೆ ಬೆಲ್ ಹೊಡೆದ್ಮೇಲೂ ‘ಇನ್ನೊಂದೈದು ನಿಮಿಷ’ ಅಂತಾರೆ. ನಮ್ಗೆ ಬಸ್ ತಪ್ಪುತ್ತೆ, ಮನೇಲಿ ಮಕ್ಕಳು ಹಸ್ಕೊಂಡಿರ್ತಾವೆ. ಇದೇ ಕಾಟಕ್ಕೆ ಕೋರ್ಸ್ ಬಿಟ್ಟೋರೂ ಇದಾರೆ. ಅವರಿಗೇನು, ಮನೇಲಿ ಯಾರಿದಾರೆ?”

ಆಮೇಲೆ ಕಾರಿಡಾರಿನಲ್ಲಿ ಮೇಷ್ಟ್ರು ಎದುರಾದಾಗಲೆಲ್ಲ ಅವಳು ನೋಟಿಸ್ ಬೋರ್ಡ್ ಓದತೊಡಗಿದಳು. ಓರೆಗಣ್ಣು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.

“ಅದು ಹೋದ ವರ್ಷದ ನೋಟಿಸು ಮೇಡಂ,” ಎಂದರು ಮೇಷ್ಟ್ರು ಒಮ್ಮೆ, ಪಕ್ಕದಲ್ಲೇ ನಿಂತು, ತುಟಿಯಂಚಿನಲ್ಲಿ ನಗುತ್ತಾ.

ವರದಿ ಕೊಡುವ ತನಕ ಒಂದು ಮಾತು ಹೆಚ್ಚಾದರೂ ತಪ್ಪು. ಕೊಟ್ಟ ಮೇಲೆ ಇಲ್ಲಿಗೆ ಬರಲು ನೆಪವೇ ಇಲ್ಲ. ಅವಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ವಾರದ ಕೊನೆಗೆ ವರದಿ ಪ್ರಿನ್ಸಿಪಾಲರ ಕೈ ಸೇರಿತು. ಕೋರ್ಸ್ ಮುಂದುವರಿಯಲಿ, ಆದರೆ ಕ್ಲಾಸು ಹೊತ್ತಿಗೆ ಸರಿಯಾಗಿ ಮುಗಿಯಬೇಕು. ಹೊರಟಿದ್ದವಳನ್ನು ಮೇಷ್ಟ್ರು ಮೆಟ್ಟಿಲ ಬಳಿ ಏದುಸಿರು ಬಿಡುತ್ತಾ ತಡೆದರು.

“ಕೋರ್ಸ್ ಉಳಿಸಿದ್ರಿ.”

“ಉಳಿಸಿದ್ದು ನಿಮ್ಮ ಪಾಠ.”

“ನಮ್ಮೋರು ಬೇರೇನೂ ಕೇಳ್ಲಿಲ್ವಾ?”

ಈಗ ಬಾಯಿ ಬಿಡದಿದ್ದರೆ ಇನ್ನು ಯಾವತ್ತೂ ಇಲ್ಲ. “ಕೇಳಿದ್ರು. ನಿಮಗೆ ಮದುವೆ ಮಾಡಿಸಿ ಅಂದ್ರು.”

ಮೇಷ್ಟ್ರು ತಬ್ಬಿಬ್ಬಾದರು. “ಅದನ್ನೂ ವರದೀಲಿ ಬರೆದ್ರಾ?”

“ಇಲ್ಲ. ಅದು ವಿಶ್ವವಿದ್ಯಾಲಯದ ಕೈಲಾಗೋ ಕೆಲಸ ಅಲ್ಲ.” ಅವಳು ಈ ಸಲ ನೇರವಾಗಿ ಮೇಷ್ಟ್ರ ಕಣ್ಣನ್ನೇ ನೋಡಿದಳು. “ನಿಮಗೆ ಒಪ್ಪಿಗೆ ಇದ್ರೆ, ನಾನೇ ನೋಡ್ಕೋತೀನಿ.”

ಮೇಷ್ಟ್ರ ಮುಖ ಮೆಲ್ಲಗೆ ಅರಳುವುದನ್ನು ಅವಳು ಕಣ್ತುಂಬ ನೋಡಿದಳು. ಖುಷಿಗೆ ಕುಣಿಯುವುದೊಂದು ಬಾಕಿ. ಒಳಗೆ ಕ್ಲಾಸಿನ ಬೆಲ್ ಹೊಡೆಯಿತು.

“ಇವತ್ತು ಎಂಟಕ್ಕೆ ಸರಿಯಾಗಿ ಬಿಡ್ತೀನಿ,” ಎಂದರು ಮೇಷ್ಟ್ರು. “ಇರ್ತೀರಾ?”

“ಹೋಗಿ ಪಾಠ ಮಾಡಿ. ಇಲ್ಲೇ ಇರ್ತೀನಿ.”