ಕಂಪ್ಯೂಟರ್ ಕಂಡ ಕಾಲು

"ಅವ್ವಾ, ಕಾರು ಹಿಂದಕ್ಕ ಹೊಂಟೈತಿ!"

ಪೂನಮ್ ಹಿಂದಿನ ಸೀಟಿನಿಂದ ಕೂಗಿದಳು. ನವಿಲುತೀರ್ಥದ ಏರು ರಸ್ತೆಯಲ್ಲಿ ಎಂಜಿನ್ ಹೋ ಎಂದು ಅರಚುತ್ತಿತ್ತು. ಗಾಲಿಗಳು ಮಾತ್ರ ಮುಂದೆ ಹೋಗುವ ಬದಲು ಮೆಲ್ಲಗೆ ಹಿಂದೆ ಸರಿಯುತ್ತಿದ್ದವು. ಏನೋ ಸುಟ್ಟ ವಾಸನೆ ಬೇರೆ.

ಅವ್ವ ನಾಗರತ್ನಾ ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದಳು. ಕಾರು ನಿಂತಿತು. ಸ್ಟಿಯರಿಂಗ್ ಹಿಂದಿನ ಪುಟ್ಟ ಪರದೆಯಲ್ಲಿ ಗೇರಿನ ನಂಬರ್ ಇರಬೇಕಾದ ಕಡೆ ಒಂದು ಅಡ್ಡಗೆರೆ ಪಿಳಿಪಿಳಿ ಮಿನುಗುತ್ತಿತ್ತು.

ಪಕ್ಕದಲ್ಲಿ ಬೈಕ್ ನಿಲ್ಲಿಸಿದ ಒಬ್ಬ ಗಾಜಿನ ಹತ್ತಿರ ಬಗ್ಗಿದ. "ಅಕ್ಕಾರ, ಗೇರ್ ಹಾಕ್ರಿ, ಗೇರ್!"

"ಇದಕ್ಕ ನಾವು ಗೇರ್ ಹಾಕೂದಿಲ್ಲಪಾ. ಅದ ತಾನ ಹಾಕ್ಕೊಂತೈತಿ," ಅಂದಳು ಅವ್ವ.

"ಹಂಗಾರ ಲಗೂನ ಹಾಕ್ಕೊ ಅಂತ ಹೇಳ್ರಿ ಅದಕ್ಕ!" ಅವನು ನಗುತ್ತ ಹೊರಟುಹೋದ.

ಅವ್ವನಿಗೆ ನಗು ಬರಲಿಲ್ಲ. ಇದು ನಾಲ್ಕನೇ ಸಲ.

ಅವ್ವ ಅಂಗನವಾಡಿ ಸುಪರ್‌ವೈಜರ್. ಮುನವಳ್ಳಿಯ ಸುತ್ತಲಿನ ಹಳ್ಳಿಗಳಿಗೆ ಹೋಗಬೇಕು, ಅಲ್ಲಿಯ ಮಕ್ಕಳ ತೂಕ, ಎತ್ತರ ನೋಡಬೇಕು. ಚಿಕ್ಕವಳಿದ್ದಾಗ ಬಂದ ಪೋಲಿಯೊದಿಂದ ಅವಳ ಎಡಗಾಲಿಗೆ ಬಲವಿಲ್ಲ. ಆ ಕಾಲಿನಿಂದ ಕ್ಲಚ್ ಒತ್ತಲು ಆಗುವುದಿಲ್ಲ. ಅದಕ್ಕೇ ಒಂದೂವರೆ ವರ್ಷದ ಹಿಂದೆ ಆಟೋಮ್ಯಾಟಿಕ್ ಕಾರು ಬಂತು. ಅದರಲ್ಲಿ ಕ್ಲಚ್ ಪೆಡಲ್ ಇಲ್ಲವೇ ಇಲ್ಲ; ಒಳಗಿನ ಕ್ಲಚ್ಚನ್ನು ಕಾರೇ ತಾನಾಗಿ ಹಿಡಿದು ಬಿಡುತ್ತದೆ. ಇರುವುದು ಎರಡೇ ಪೆಡಲ್: ಬ್ರೇಕ್, ಎಕ್ಸಲರೇಟರ್. ಎರಡಕ್ಕೂ ಬಲಗಾಲೊಂದೇ ಸಾಕು.

ಕಾರು ಬಂದ ಮೇಲೆ ಅವ್ವ ಯಾರ ಬೈಕಿಗೂ ಕಾಯಲಿಲ್ಲ. ಹಾಡು ಹಚ್ಚಿಕೊಂಡು ದೂರದ ಚಚಡಿಯವರೆಗೂ ಒಬ್ಬಳೇ ಹೋಗಿ ಬರುತ್ತಿದ್ದಳು.

ಈಗ ಮೂರು ತಿಂಗಳಿಂದ ಈ ಕಾಟ. ಒಮ್ಮೊಮ್ಮೆ ಗೇರ್ ಬೀಳುವುದೇ ಇಲ್ಲ. ಎರಡು ಸಲ ಬೈಲಹೊಂಗಲದ ಸರ್ವಿಸ್ ಸೆಂಟರಿಗೆ ಒಯ್ದು ಬಿಟ್ಟರೆ, ಎರಡೂ ಸಲ ಅವರು ಒಂದು ಸುತ್ತು ಹೊಡೆದು ನೋಡಿ, "ಏನೂ ತೊಂದರಿ ಇಲ್ರಿ, ಮಸ್ತ್ ಓಡಾಕತ್ತೈತಿ" ಎಂದು ತಿರುಗಿ ಕೊಟ್ಟಿದ್ದರು. ಮೂರನೇ ಸಲ ಯಾರೂ ಫೋನೇ ಎತ್ತಲಿಲ್ಲ.

ಅವ್ವ ಕಂಪನಿಯ ನಂಬರಿಗೆ ಫೋನ್ ಹಚ್ಚಿ ಸ್ಪೀಕರ್ ಆನ್ ಮಾಡಿದಳು. "ನಿಮ್ಮ ಕರೆ ನಮಗೆ ಬಹಳ ಮುಖ್ಯ," ಎಂದು ಒಂದು ಸಿಹಿ ದನಿ ಹೇಳಿತು. ಆಮೇಲೆ ಪಿಟೀಲು. ಮತ್ತೆ ಅದೇ ಮಾತು.

"ಹನ್ನೊಂದು ಸಲ ಅಂದ್ಲು ಅವ್ವಾ," ಎಂದು ಪೂನಮ್ ಎಣಿಸಿ ಹೇಳಿದಳು. "ಅಷ್ಟ ಮುಖ್ಯ ಇದ್ರ ಎತ್ತಬೇಕಲಾ!"

ಎರಡು ತಾಸಿನ ಮೇಲೆ ಒಂದು ಲಾರಿ ಬಂದು ಕಾರನ್ನು ಹೊತ್ತುಕೊಂಡು ಹೋಯಿತು.

*

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಪೂನಮ್ ಅವ್ವನ ಜೊತೆ ಬೈಲಹೊಂಗಲಕ್ಕೆ ಬಂದಳು.

ಸರ್ವಿಸ್ ಸೆಂಟರಿನಲ್ಲಿ ಗ್ರಾಹಕರ ಜೊತೆ ಮಾತಾಡುವವನು ಸಂದೀಪ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್. ಅವರನ್ನು ಕಂಡ ಕೂಡಲೇ ಅವನ ಮುಖ ಸಣ್ಣದಾಯಿತು.

"ಕುಂದರ್ರಿ ಮೇಡಂ. ಕಂಪನಿಯಿಂದ ಮೇಲ್ ಬಂದೈತ್ರಿ. ಕ್ಲಚ್ ಪ್ಲೇಟ್ ಸುಟ್ಟೈತಿ. ಆದ್ರ... ವಾರಂಟಿ ಸಿಗೂದಿಲ್ಲಂತ್ರಿ."

"ಯಾಕ್ರಿ? ಮೂರು ವರ್ಷದ ವಾರಂಟಿ ಐತಲಾ?"

"ಗಾಡಿ ತಾನ ಕೆಟ್ರ ಐತ್ರಿ. ಹೊಡಿಯೋರ ತಪ್ಪಿದ್ರ ಇಲ್ಲ." ಸಂದೀಪ ಟ್ಯಾಬನ್ನು ಅವರತ್ತ ತಿರುಗಿಸಿದ. "ಗಾಡಿಯೊಳಗ ಕಂಪ್ಯೂಟರ್ ಇರತೈತಿ. ಎಲ್ಲಾ ರೆಕಾರ್ಡ್ ಮಾಡತೈತಿ. ಇಲ್ನೋಡ್ರಿ, ಬ್ರೇಕ್ ಮತ್ತ ಎಕ್ಸಲರೇಟರ್ ಎರಡೂ ಒಮ್ಮೆಲೆ ಒತ್ತಿದ್ದು ಇನ್ನೂರ ಹದಿನಾಲ್ಕು ಸಲ. ಎರಡೂ ಕಾಲ ಇಟ್ಟು ಹೊಡದಾರ, ಅದಕ್ಕ ಪ್ಲೇಟ್ ಸುಟ್ಟೈತಿ ಅಂತಾರ್ರಿ ಅವರು."

"ನಾ ಹಂಗ ಹೊಡಿಯೂದಿಲ್ಲ," ಅಂದಳು ಅವ್ವ.

"ಕಂಪ್ಯೂಟರ್ ಸುಳ್ಳು ಹೇಳೂದಿಲ್ರಿ ಮೇಡಂ." ಸಂದೀಪ ದನಿ ತಗ್ಗಿಸಿದ. "ತಪ್ಪು ತಿಳ್ಕೋಬ್ಯಾಡ್ರಿ... ನಿಮಗ ಕಾಲಿಂದು ಸ್ವಲ್ಪ ತೊಂದರಿ ಐತಿ. ಗೊತ್ತಿಲ್ದಂಗ ಬ್ರೇಕ್ ಮ್ಯಾಲ ಕುಂತಿರಬೌದು. ಪಾಪ, ನೀವರ ಏನ್ ಮಾಡ್ತೀರಿ?"

ಅವ್ವ ಪರ್ಸಿನ ಜಿಪ್ಪನ್ನು ತೆಗೆದಳು, ಹಾಕಿದಳು.

ಪೂನಮ್‌ಗೆ ಗೊತ್ತು. ಹೊರಗಿನವರ ಮುಂದೆ ಅವ್ವ ತನ್ನ ಕಾಲಿನ ಸುದ್ದಿ ತೆಗೆಯುವುದಿಲ್ಲ. ಬೇರೆಯವರು ತೆಗೆಯುವುದೂ ಅವಳಿಗೆ ಸೇರುವುದಿಲ್ಲ. ಮದುವೆ ಊಟದಲ್ಲಿ ಯಾರಾದರೂ "ಪಾಪ, ಮುಂದ ಬರ್ರಿ" ಅಂದರೆ ಸಾಕು, ಅವ್ವ ಹಟದಿಂದ ಕೊನೆಯ ಪಂಕ್ತಿಗೇ ಕೂರುತ್ತಾಳೆ.

ಆದರೆ ಈಗ ಸುಮ್ಮನಿದ್ದರೆ? ತಪ್ಪು ಅವ್ವನದೇ ಎಂದು ಬರೆದುಬಿಡುತ್ತಾರೆ. ಅವ್ವ ಇನ್ನೆಂದೂ ಸ್ಟಿಯರಿಂಗ್ ಮುಟ್ಟಲಿಕ್ಕಿಲ್ಲ.

ಪೂನಮ್ ಎದ್ದು ನಿಂತಳು. "ಅಂಕಲ್, ನಮ್ಮವ್ವನ ಎಡಗಾಲು ಬ್ರೇಕ್ ಒತ್ತೂದ ಇಲ್ಲ. ಒತ್ತಾಕ ಬರೂದ ಇಲ್ಲ! ಅದರಾಗ ಅಷ್ಟು ಬಲ ಇಲ್ಲ!"

ಆಫೀಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಪೂನಮ್!" ಅವ್ವನ ದನಿ ಚುರುಕ್ ಅಂದಿತು. ಅವಳ ಕಿವಿಗಳು ಕೆಂಪಾಗಿದ್ದವು.

ಆಮೇಲೆ ಅವ್ವ ಪರ್ಸನ್ನು ಮೇಜಿನ ಮೇಲೆ ಇಟ್ಟು ಎದ್ದಳು.

"ಗಾಡಿ ಎಲ್ಲೈತ್ರಿ? ತೋರಸ್ತೇನಿ ಬರ್ರಿ."

*

ಕಾರು ಹಿಂದಿನ ಶೆಡ್ಡಿನಲ್ಲಿತ್ತು. ಅದರ ಹತ್ತಿರ ಹಜರತಸಾಬ ಎಂಬ ಹಿರಿಯ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

"ಈ ಗಾಡಿ ಸ್ಟಾರ್ಟ್ ಆಗಬೇಕಂದ್ರ ಬ್ರೇಕ್ ಒತ್ತಬೇಕು, ಹೌದಲ್ರಿ?" ಎಂದು ಅವ್ವ ಕೇಳಿದಳು.

"ಹೌದ್ರಿ ಅಕ್ಕಾರ. ಬ್ರೇಕ್ ಒತ್ತಲಿಲ್ಲಂದ್ರ ಕೀಲಿ ಎಷ್ಟು ತಿರುವಿದ್ರೂ ಸ್ಟಾರ್ಟ್ ಆಗೂದಿಲ್ಲ," ಅಂದ ಹಜರತಸಾಬ.

"ಹಂಗಾರ ನೋಡ್ರಿ. ಎಡಗಾಲಿಂದ ಒತ್ತತೇನಿ. ಸ್ಟಾರ್ಟ್ ಆಗೂದಿಲ್ಲ."

ಅವ್ವ ಸೀಟಿನಲ್ಲಿ ಕೂತಳು. ಎಡಗಾಲನ್ನು ಎರಡೂ ಕೈಗಳಿಂದ ಎತ್ತಿ ಬ್ರೇಕ್ ಪೆಡಲಿನ ಮೇಲೆ ಇಟ್ಟಳು. ಬಲಗಾಲನ್ನು ದೂರ ಸರಿಸಿದಳು. ತುಟಿ ಕಚ್ಚಿ ಒತ್ತಿದಳು. ಪೆಡಲ್ ಅಲುಗಾಡಿದಂತೆಯೂ ಕಾಣಲಿಲ್ಲ. ಕೀಲಿ ತಿರುವಿದಳು.

ಗುರ್ರ್ರ್!

ಕಾರು ಸ್ಟಾರ್ಟ್ ಆಯಿತು.

ಅವ್ವ ಬೆಚ್ಚಿ ಕೀಲಿಯಿಂದ ಕೈ ತೆಗೆದಳು.

"ನೋಡ್ರಿ ಮತ್ತ," ಅಂದ ಸಂದೀಪ. ಗೆದ್ದವನ ಹಾಗೇನೂ ಅಲ್ಲ, ಬೇಸರದಿಂದಲೇ ಅಂದ. "ಸ್ವಲ್ಪರ ಬಲ ಐತ್ರಿ. ನಿಮಗ ತಿಳೀವಲ್ದು, ಅಷ್ಟ."

ಅವ್ವ ಎಂಜಿನ್ ಬಂದ್ ಮಾಡಿದಳು. ತನ್ನ ಎಡಗಾಲನ್ನೇ ನೋಡುತ್ತ ಕೂತಳು, ಅದು ಇಷ್ಟು ವರ್ಷ ತನಗೆ ಸುಳ್ಳು ಹೇಳಿದೆಯೇನೋ ಎಂಬಂತೆ.

ಪೂನಮ್‌ಗೆ ಅಳು ಬಂತು. ಎಲ್ಲರ ಮುಂದೆ ಕಾಲಿನ ಮಾತು ಎತ್ತಿದ್ದು ತಾನೇ. ಈಗ ಅದೇ ಅವ್ವನಿಗೆ ತಿರುಗಿಬಿದ್ದಿದೆ. ಕಣ್ಣು ತಪ್ಪಿಸಲು ಅವಳು ಕಾರಿನ ಹಿಂದುಗಡೆ ಹೋದಳು. ಡಿಕ್ಕಿಯ ಗಾಜಿನೊಳಗೆ ಮಕ್ಕಳ ತೂಕದ ಮಷಿನ್ ಕಾಣುತ್ತಿತ್ತು.

ಆ ಮಷಿನ್! ಹಳ್ಳಿಗೆ ಹೋದಾಗಲೆಲ್ಲ ಅವ್ವ ಅದನ್ನು ನೆಲಕ್ಕಿಟ್ಟು ಮೊದಲು ಮಾಡುವ ಕೆಲಸ ಒಂದೇ. ಯಾವ ಮಗುವನ್ನೂ ಕೂರಿಸದೆ ಸುಮ್ಮನೆ ನೋಡುವುದು. ಖಾಲಿ ಇದ್ದಾಗ ಸೊನ್ನೆ ತೋರಿಸಬೇಕು. ಒಂದು ಹಳ್ಳಿಯ ಮಷಿನ್ ಖಾಲಿ ಇದ್ದಾಗಲೇ ಒಂದೂವರೆ ಕೆಜಿ ತೋರಿಸಿತ್ತು. "ಇದರ ಮ್ಯಾಲ ಯಾವ ಕೂಸನ್ನ ಕುಂದ್ರಿಸಿದ್ರೂ ಸುಳ್ಳ ಬರತೈತಿ," ಎಂದು ಅವ್ವ ಅದನ್ನು ವಾಪಸ್ ಕಳಿಸಿದ್ದಳು.

ಪೂನಮ್ ಓಡಿ ಬಂದಳು. "ಅವ್ವಾ! ಖಾಲಿ ಇಟ್ಟು ನೋಡು!"

"ಏನು?"

"ಯಾವ ಕಾಲೂ ಇಡಬ್ಯಾಡ! ಎಡಗಾಲೂ ಬ್ಯಾಡ, ಬಲಗಾಲೂ ಬ್ಯಾಡ. ತೂಕದ ಮಷಿನ್ ಖಾಲಿ ಇಟ್ಟು ನೋಡ್ತೀಯಲಾ, ಹಂಗ!"

ಅವ್ವ ಮಗಳನ್ನು ನೋಡಿದಳು. ಅವಳ ಕಣ್ಣು ಸ್ವಲ್ಪ ಸ್ವಲ್ಪವೇ ದೊಡ್ಡದಾಯಿತು.

"ತಡೀರಿ ತಡೀರಿ," ಹಜರತಸಾಬ ಬಗ್ಗಿ ನೋಡಿದ. "ನ್ಯೂಟ್ರಲ್ ಐತಿ. ಹ್ಯಾಂಡ್‌ಬ್ರೇಕ್ ಐತಿ. ಹಾಂ, ಈಗ ಮಾಡ್ರಿ."

ಅವ್ವ ಸೀಟಿನಲ್ಲೇ ಪಕ್ಕಕ್ಕೆ ತಿರುಗಿ, ಎರಡೂ ಕಾಲುಗಳನ್ನು ಬಾಗಿಲಿನಿಂದ ಹೊರಗೆ ನೆಲದ ಮೇಲೆ ಇಟ್ಟಳು. ಎರಡೂ ಚಪ್ಪಲಿಗಳು ಶೆಡ್ಡಿನ ನೆಲದ ಮೇಲೆ ಎಲ್ಲರಿಗೂ ಕಾಣುತ್ತಿದ್ದವು. ಒಳಗೆ ಕೈ ಚಾಚಿ ಕೀಲಿ ತಿರುವಿದಳು.

ಗುರ್ರ್ರ್!

"ಯಾ ಅಲ್ಲಾ!" ಅಂದ ಹಜರತಸಾಬ.

ಸಂದೀಪ ನೆಲದ ಮೇಲಿನ ಕಾಲುಗಳನ್ನು ನೋಡಿದ. ಖಾಲಿ ಪೆಡಲ್ ನೋಡಿದ. ಮತ್ತೆ ಕಾಲು ನೋಡಿದ. "ಇದು ಹೆಂಗ ಆತು?"

"ತಂಗೀ, ಹಿಂದ ಓಡು! ಬ್ರೇಕ್ ಲೈಟ್ ಹತ್ತೇತೇನು ನೋಡು!" ಎಂದು ಹಜರತಸಾಬ ಕೂಗಿದ.

ಪೂನಮ್ ಓಡಿದಳು. "ಹತ್ತೇತಿ ಕಾಕಾ! ಮೂರೂ ಕೆಂಪ ಹತ್ತ್ಯಾವು!"

ಹಜರತಸಾಬ ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿದ. ಬೆರಳಿನಿಂದ ಏನನ್ನೋ ತಟ್ಟಿದ.

"ಆರಿತು!" ಪೂನಮ್ ಕೂಗಿದಳು.

ಅವನು ಕೈಯಿಂದ ಪೆಡಲ್ ಒತ್ತಿದ, ಬಿಟ್ಟ.

"ಹತ್ತಿತು! ಆರಿತು! ಹತ್ತಿತು! ಆರಿತು! ಹತ್ತಿತು... ಕಾಕಾ, ಕೈ ಬಿಟ್ರೇನು?"

"ಬಿಟ್ಟೇನಿ!"

"ಆರಲಿಲ್ಲ! ಹಂಗ ಐತಿ!"

ಶೆಡ್ಡಿನ ಹುಡುಗರೆಲ್ಲ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಓಡಿ ಬಂದರು. ಹಜರತಸಾಬ ಹೊರಗೆ ತಲೆ ತೆಗೆದ. ಹಣೆಗೆ ಗ್ರೀಸ್ ಮೆತ್ತಿತ್ತು, ಮುಖದ ತುಂಬ ನಗು.

"ಪೆಡಲ್ ಮ್ಯಾಲ ಹೆಬ್ಬೆಟ್ಟಿನಷ್ಟು ಒಂದು ಸ್ವಿಚ್ ಇರತೈತಿ. ಕಾಲು ಬ್ರೇಕ್ ಮ್ಯಾಲ ಐತಿ ಅಂತ ಕಂಪ್ಯೂಟರಿಗೆ ಹೇಳೂದು ಅದ. ಅದು ಒಮ್ಮೊಮ್ಮೆ ಅಂಟ್ಕೊಂಡು ಕುಂದರತೈತಿ. ಯಾರೂ ಒತ್ತದಿದ್ರೂ ಒತ್ಯಾರ ಅಂತ ಹೇಳತೈತಿ. ಅತ್ತ ಅಕ್ಕಾರು ರೇಸ್ ಕೊಡ್ತಾರ, ಇತ್ತ ಕಂಪ್ಯೂಟರ್ ಬ್ರೇಕ್ ಐತಿ ಅಂತ ಕ್ಲಚ್ ಅರ್ಧಕ್ಕ ಹಿಡಿತೈತಿ. ಪ್ಲೇಟ್ ಉಜ್ಜಿ ಉಜ್ಜಿ ಸುಡದ ಏನ್ ಮಾಡೀತು?"

"ಹಂಗಾರ ಕಂಪ್ಯೂಟರ್ ಸುಳ್ಳ ಹೇಳಿತೇನ್ರಿ?" ಪೂನಮ್ ಸಂದೀಪನತ್ತ ನೋಡುತ್ತ ಕೇಳಿದಳು.

"ಇಲ್ಲ ತಂಗಿ," ಹಜರತಸಾಬನೇ ಉತ್ತರ ಕೊಟ್ಟ. "ಸ್ವಿಚ್ ಹೇಳಿದ್ದನ್ನ ನಂಬಿತು. ನಮ್ಮ ಸಂದೀಪ ಸಾಹೇಬ್ರು ಕಂಪ್ಯೂಟರ್ ಹೇಳಿದ್ದನ್ನ ನಂಬಿದ್ರು. ಒಬ್ಬರೂ ಬಗ್ಗಿ ನೋಡಲಿಲ್ಲ. ನಾನೂ ನೋಡಲಿಲ್ಲ ಬಿಡು."

ಹುಡುಗರು ಗೊಳ್ಳೆಂದು ನಕ್ಕರು. ಸಂದೀಪನೂ ತಲೆ ಕೆರೆದುಕೊಂಡು ನಕ್ಕ. ಆಮೇಲೆ ಫೋನ್ ತೆಗೆದು, "ಇನ್ನೊಮ್ಮೆ ಮಾಡ್ರಿ ಮೇಡಂ, ವಿಡಿಯೊ ತಗೀತೇನಿ. ಕಾಲು ಚಂದಂಗ ಕಾಣ್ಬೇಕು," ಅಂದ.

ಅವ್ವ ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿ ಎರಡೂ ಪಾದಗಳನ್ನು ನೆಲದ ಮೇಲೆ ಊರಿದಳು. ಎಡಪಾದ ಸಣ್ಣದು, ಒಳಗೆ ತಿರುಗಿದ್ದು. ಅದನ್ನು ಅವಳು ಮರೆಮಾಡಲಿಲ್ಲ.

*

ವಿಡಿಯೊ ಕಂಪನಿಗೆ ಹೋಯಿತು. ಸಂದೀಪ ಹೊಸ ರಿಪೋರ್ಟ್ ಬರೆಯಲು ಕೂತವನು ಅರ್ಧಕ್ಕೆ ನಿಂತ. "ಮೇಡಂ, ನಿಮ್ಮ ಕಾಲಿಂದು... ಬರೀಲ್ರ್ಯಾ, ಬ್ಯಾಡ್ರ್ಯಾ?"

ಅವ್ವ ಸ್ವಲ್ಪ ಯೋಚಿಸಿದಳು. "ಬರೀರಿ. ಎಡಗಾಲಿನಿಂದ ಬ್ರೇಕ್ ಒತ್ತಲು ಆಗುವುದಿಲ್ಲ ಅಂತ ಬರೀರಿ. ಅದರ ಕೆಳಗ ಇನ್ನೊಂದು ಸಾಲು: ಬಲಗಾಲು ಒಂದರಿಂದಲೇ ಹದಿನೆಂಟು ಸಾವಿರ ಕಿಲೋಮೀಟರ್ ಓಡಿಸಿದ್ದಾರೆ, ಗಾಡಿಗೆ ಒಂದು ಗೀರೂ ಬಿದ್ದಿಲ್ಲ."

"ಅದೂ ಬರೀಬೇಕೇನ್ರಿ?"

"ಅದ ಮುಖ್ಯ."

ಅವರು ಬೆಂಚಿನ ಮೇಲೆ ಕಾಯುತ್ತ ಕೂತರು. ಪೂನಮ್ ಮೆಲ್ಲಗೆ ಕೇಳಿದಳು, "ನನ್ನ ಮ್ಯಾಲ ಸಿಟ್ಟ ಬಂದೈತೇನವಾ?"

"ಬಂದಿತ್ತು," ಅಂದಳು ಅವ್ವ. "ಹೋತು."

ಎರಡು ತಾಸಿನ ಮೇಲೆ ಮೇಲ್ ಬಂತು. ಸ್ವಿಚ್, ಕ್ಲಚ್ ಎರಡನ್ನೂ ವಾರಂಟಿಯಲ್ಲೇ ಬದಲಿಸಿ ಕೊಡಬೇಕು, ಎಂಟು ದಿನ ಹಿಡಿಯುತ್ತದೆ ಎಂದಿತ್ತು. ತಪ್ಪಾಯಿತು ಎಂಬ ಮಾತು ಎಲ್ಲೂ ಇರಲಿಲ್ಲ. ಪೂನಮ್ ಎರಡು ಸಲ ಹುಡುಕಿ ನೋಡಿದಳು. ಆದರೆ "ಚಾಲಕರ ತಪ್ಪು" ಎಂಬ ಸಾಲೂ ಇರಲಿಲ್ಲ.

ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೊರಡಲು ಗುರುಗುಡುತ್ತಿತ್ತು. "ಲಗೂ ಹತ್ರಿ ಅಕ್ಕಾರ, ಟೈಮ್ ಆಗೈತಿ!" ಎಂದು ಕಂಡಕ್ಟರ್ ಬಾಗಿಲಿನಿಂದ ಕೂಗಿದ.

ಮೆಟ್ಟಿಲು ಎತ್ತರವಿತ್ತು. ಪೂನಮ್ ಅವ್ವನ ಮೊಣಕೈಯತ್ತ ಕೈ ಚಾಚಿದಳು.

"ಒಂದು ನಿಮಿಷ ತಡೀರಿ," ಅವ್ವ ಕಂಡಕ್ಟರನಿಗೆ ಹೇಳಿದಳು. "ನನ್ನ ಎಡಗಾಲಿಗೆ ಬಲ ಇಲ್ಲ. ಹತ್ತಾಕ ಸ್ವಲ್ಪ ಹೊತ್ತು ಬೇಕು."

ಅವಳ ದನಿ ತಗ್ಗಿರಲಿಲ್ಲ, ಏರಿಯೂ ಇರಲಿಲ್ಲ. "ಈ ಬಸ್ ಮುನವಳ್ಳಿಗೆ ಹೋಗತೈತೇನ್ರಿ" ಎಂದು ಕೇಳಿದಷ್ಟೇ ಸಾದಾ ಇತ್ತು.

"ಆತ್ರಿ, ಸಾವಕಾಶ ಹತ್ರಿ," ಅಂದ ಕಂಡಕ್ಟರ್, ಸೀಟಿಯನ್ನು ಬಾಯಿಂದ ತೆಗೆದು.

ಪೂನಮ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅವ್ವನ ಹೆಗಲಿನ ಬ್ಯಾಗ್ ಮಾತ್ರ ಇಸಿದುಕೊಂಡು, ಕೆಳಗೆ ನಿಂತು ಕಾದಳು.

ಅವ್ವ ಬಾಗಿಲಿನ ಸರಳು ಹಿಡಿದಳು. ಬಲಗಾಲು ಮೇಲಿಟ್ಟಳು. ಎಡಗಾಲನ್ನು ಎಳೆದುಕೊಂಡಳು. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು. ಬಸ್ಸು ಗುರುಗುಡುತ್ತ ನಿಂತೇ ಇತ್ತು.

ಮೇಲೆ ಹತ್ತಿದ ಅವ್ವ ತಿರುಗಿ ನೋಡಿ, "ಬಾ," ಅಂದಳು.