ನಾಲ್ಕನೆಯ ಹಕ್ಕಿ

ರೆಕಾರ್ಡಿನ ಮೇಲೆ ಮುಳ್ಳು ಇಳಿಯಿತು. ಹಕ್ಕಿ ಕೂಗಲಿಲ್ಲ.

ಅಮ್ಜದ್ ಕಣ್ಣು ಮುಚ್ಚಿ ಕಾದ. ಮೊದಲು ಬಾಂಗೋ ಡೋಲು, ಆಮೇಲೆ ವೈಬ್ರಫೋನಿನ ಲೋಹಪಟ್ಟಿಗಳ ತಣ್ಣನೆಯ ನಾದ, ಅದರ ಬೆನ್ನಿಗೇ ಕೋಗಿಲೆ – ಹದಿನೈದು ವರ್ಷಗಳಿಂದ ಈ ಕ್ರಮ ತಪ್ಪಿರಲಿಲ್ಲ. ಈಗ ಸ್ಪೀಕರಿನಿಂದ ಬಂದದ್ದು ಮದುವೆಮನೆಯ ಶಹನಾಯಿ.

"ಇದೇನು ಅಂಕಲ್?" ಎಂದಳು ರಶ್ಮಿ.

ಅಮ್ಜದ್ ತಡಬಡಿಸಿ ಮುಳ್ಳನ್ನು ಎತ್ತಿದ. ಕನ್ನಡಕ ಹುಡುಕಿ ಹಾಕಿಕೊಂಡ. ಕವರು ತನ್ನದೇ – ತೆಂಗಿನ ಮರ, ಚಂದ್ರ, 'ಪಾಮ್ ರೂಮ್ ನೈಟ್ಸ್' ಎಂಬ ಹೆಸರು. ಒಳಗಿದ್ದ ಪ್ಲೇಟು ಬೇರೆ. ನಡುವಿನ ಲೇಬಲ್ಲು ಅದೇ ಕೆಂಪು. ಕೈಯ ರೂಢಿಯನ್ನು ನಂಬಿ ತೆಗೆದಿಟ್ಟಿದ್ದ, ಲೇಬಲ್ಲನ್ನು ಓದಿರಲಿಲ್ಲ.

"ಯಾರೋ ಬದ್ಲು ಮಾಡ್ಯಾರ," ಎಂದ. ಅವನ ದನಿ ಅವನಿಗೇ ಕೇಳಿಸಲಿಲ್ಲ.

ದಾವಣಗೆರೆಯ ಆಜಾದ್ ನಗರದಲ್ಲಿ, ಅಮ್ಜದನ ಮೋಟರ್ ವೈಂಡಿಂಗ್ ಅಂಗಡಿಯ ಮೇಲಿನ ಮನೆಯ ಆ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಾಲ್ವರು ಸೇರುತ್ತಿದ್ದರು. ಹಿಂದೊಮ್ಮೆ ದೊಡ್ಡ ಹೋಟೆಲುಗಳ ಲೌಂಜುಗಳಲ್ಲಿ, ಕುಳಿತವರ ಮಾತಿಗೆ ಅಡ್ಡ ಬಾರದ ಹಾಗೆ ಬಾರಿಸುತ್ತಿದ್ದ ಸಂಗೀತ ಅವರ ಹುಚ್ಚು. ಅದರಲ್ಲೂ ಎಕ್ಸಾಟಿಕಾ ಎಂಬ ಬಗೆಯದು – ಯಾರೂ ನೋಡದ ದ್ವೀಪಗಳನ್ನು, ಕಾಡುಗಳನ್ನು ಗಿಟಾರು, ಬಾಂಗೋ, ಬಾಯಲ್ಲೇ ಮಾಡಿದ ಹಕ್ಕಿಗಳ ಕೂಗಿನಿಂದ ಕಟ್ಟುವ ಸಂಗೀತ. ಊರಿನಲ್ಲಿ ಇದನ್ನು ಕೇಳುವವರು ಬೇರೆ ಯಾರೂ ಇರಲಿಲ್ಲ. ಹಾಗಾಗಿಯೇ ನಾಲ್ವರೂ ಒಬ್ಬರಿಗೊಬ್ಬರು ಅಂಟಿಕೊಂಡಿದ್ದರು.

ರಶ್ಮಿ ಕಾಲೇಜಿನಲ್ಲಿ ಪಾಠ ಹೇಳುವವಳು. ಅಶ್ಫಾಕ್ ಅಮ್ಜದನ ಅಕ್ಕನ ಮಗ. ಹಳೆಯ ಸಾಮಾನಿನ ಅಂಗಡಿ ಇಟ್ಟವನು. ಮಾರುತಿ ಇಪ್ಪತ್ತೈದು ವರ್ಷದ ಗೆಳೆಯ. ಹರಿಹರದ ಕಾರ್ಖಾನೆಯೊಂದರಲ್ಲಿ ಲೇಥ್ ನಡೆಸಿ ನಿವೃತ್ತನಾಗಿ, ಹತ್ತಿರದ ಸಾರಥಿ ಎಂಬ ಹಳ್ಳಿಯಲ್ಲಿ ಹೊಲದ ನಡುವೆಯೇ ಮನೆ ಕಟ್ಟಿಕೊಂಡಿದ್ದ. ಅಷ್ಟು ದೂರ ಹೋದರೂ ಭಾನುವಾರ ತಪ್ಪಿಸುತ್ತಿರಲಿಲ್ಲ. ಬರುವಾಗ ಅಮ್ಜದನ ಹೆಂಡತಿ ಅಖ್ತರ್ ಬಾನುಗೆ ಒಂದು ಡಜನ್ ಮೊಟ್ಟೆ ತರುವುದನ್ನೂ ಮರೆಯುತ್ತಿರಲಿಲ್ಲ.

ಕಳೆದುಹೋದದ್ದು ಬರೀ ರೆಕಾರ್ಡಾಗಿದ್ದರೆ ಅಮ್ಜದ್ ಹೇಗೋ ತಡೆದುಕೊಳ್ಳುತ್ತಿದ್ದ. ಅವನ ತಂದೆ ಮಸ್ತಾನಸಾಬ್ ಪ್ರಾಯದಲ್ಲಿ ಮುಂಬೈಗೆ ಹೋಗಿ ಹೋಟೆಲ್ ಬ್ಯಾಂಡಿನಲ್ಲಿ ಬಾಂಗೋ ಬಾರಿಸಿದವರು, ಹಕ್ಕಿಗಳ ಹಾಗೆ ಕೂಗಿದವರು. ಆ ಬ್ಯಾಂಡು ತೆಗೆದದ್ದು ಅದೊಂದೇ ರೆಕಾರ್ಡು. ಕವರಿನ ಹಿಂದೆ, ಇರುವೆಯಷ್ಟು ಅಕ್ಷರದಲ್ಲಿ, 'ಹಕ್ಕಿಗಳು – ಮಸ್ತಾನ್' ಎಂದಿತ್ತು. ಅಮ್ಜದನಿಗೆ ಹತ್ತೊಂಬತ್ತಾದಾಗ ಅವರು ತೀರಿಕೊಂಡರು. ಅವರ ದನಿ ಎಂದು ಭೂಮಿಯ ಮೇಲೆ ಉಳಿದದ್ದು ಆ ಪ್ಲೇಟಿನಲ್ಲಿ ಮಾತ್ರ. ಅದನ್ನು ನಕಲು ಮಾಡಲು ಅಮ್ಜದ್ ಯಾರನ್ನೂ ಬಿಟ್ಟಿರಲಿಲ್ಲ.

ಅಶ್ಫಾಕ್ ಶಹನಾಯಿ ಪ್ಲೇಟನ್ನು ತಿರುಗಿಸಿ ನೋಡುತ್ತಿದ್ದ. ಲೇಬಲ್ಲಿನ ಅಂಚಿನಲ್ಲಿ ಸಣ್ಣ ಹಳದಿ ಚೀಟಿಯೊಂದು ಅಂಟಿತ್ತು.

"ಆ ಚೀಟಿ ನಿನ್ನ ಅಂಗಡೀದಲ್ಲೇನೋ?" ಅಮ್ಜದ್ ಕೇಳಿದ.

"ನಮ್ದೇ ಮಾಮು. ಆದ್ರ–"

"ಶುಕ್ರವಾರ ಇಲ್ಲಿಗೆ ಪ್ಲೇಟಿನ ಡಬ್ಬ ತಂದೋನು ಯಾರು?"

"ನಾನೇ. ನೀವೇ ತರಾಕ ಹೇಳಿದ್ರಿ. ಮಾಮು, ನನ್ನ ಮಾತು ಸ್ವಲ್ಪ ಕೇಳ್ರಿ–"

"ನಿಮ್ಮ ನಾನಾನ್ನ, ನಿಮ್ಮಮ್ಮನ ಅಪ್ಪನ್ನ, ಎಷ್ಟಕ್ಕ ಮಾರಿದಿ, ಹೇಳು!"

ಅಶ್ಫಾಕನ ಮುಖದ ಬಣ್ಣ ಇಳಿಯಿತು. ಪ್ಲೇಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಮೆಟ್ಟಿಲಿಳಿದು ಹೋದ.

ಮಾರುತಿ ಅಮ್ಜದನ ಹೆಗಲ ಮೇಲೆ ಕೈಯಿಟ್ಟ. "ಸಮಾಧಾನ ಮಾಡ್ಕೋ. ವಯಸ್ಸಿನ ಹುಡುಗ, ಏನೋ ತಪ್ಪು ಮಾಡ್ಯಾನ," ಎಂದ.

*

ಮಂಗಳವಾರ ರಶ್ಮಿ ತನ್ನ ಚಿಕ್ಕಮ್ಮನನ್ನು ಕರೆದುಕೊಂಡು ಬಂದಳು. ಆಶಾರಾಣಿ – ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಲೋಕಿಕೆರೆಯಲ್ಲಿ ಹುಟ್ಟಿ ಬೆಳೆದವರು. ಕೂರುವ ಮೊದಲೇ ಹೇಳಿಬಿಟ್ಟರು:

"ನೋಡ್ರಿ ಸಾಬ್ರೇ, ನಿಮ್ಮ ಸಂಗೀತ ನನಗ ತಿಳಿಯಲ್ಲ. ಕೇಳಿದ್ದಕ್ಕ ಉತ್ರ ಕೊಡ್ರಿ, ಸಾಕು. ಪ್ಲೇಟು ಕೊನೇ ಸಲ ಹಾಕಿದ್ದು ಯಾವಾಗ?"

"ಮೊನ್ನೆ ಭಾನುವಾರ ಅಲ್ಲ, ಅದರ ಹಿಂದಿನ ಭಾನುವಾರ."

"ಆ ವಾರದಾಗ ಈ ಕೋಣಿಗೆ ಯಾರ್ಯಾರು ಬಂದ್ರು?"

"ಮಂಗಳವಾರ ರಶ್ಮಿ, ಕವರಿನ ಫೋಟೋ ತೆಗಿಯಾಕ. ಬುಧವಾರ ಮಾರುತಿ, ಪ್ಲೇಯರಿನ ಬೆಲ್ಟ್ ಹಾಕಾಕ. ಶುಕ್ರವಾರ ಅಶ್ಫಾಕ್."

"ಒಬ್ಬೊಬ್ರೇ ಇದ್ರಾ?"

"ಮೂರೂ ಮಂದಿ ಒಬ್ಬೊಬ್ರೇ. ನಾನು ಕೆಳಗ ಅಂಗಡ್ಯಾಗ ಇದ್ದೆ. ನಮ್ಮೋರೇ ಅಲ್ಲೇನ್ರಿ ಮೇಡಂ, ಕಾಯ್ಕೊಂಡು ಕೂಡಾಕ ಆಗ್ತದಾ?"

ಆಶಾರಾಣಿ ಗೋಡೆಯತ್ತ ನೋಡಿದರು. ಚೌಕಟ್ಟು ಹಾಕಿಸಿದ ಪತ್ರಿಕೆಯ ತುಣುಕು, ಹೋದ ತಿಂಗಳದ್ದು. 'ತಂದೆಯ ದನಿಯನ್ನು ಹುಡುಕಿ ತೆಗೆದ ಮಗ' ಎಂಬ ತಲೆಬರಹ, ಕೆಳಗೆ ರೆಕಾರ್ಡು ಹಿಡಿದು ನಗುತ್ತಿರುವ ಅಮ್ಜದ್.

"ಇದು ಸಿಕ್ಕಿದ್ದೆಲ್ಲಿ?"

"ಹರಿಹರದ ಒಂದು ಗುಜರಿ ಅಂಗಡ್ಯಾಗ."

"ನೀವೇ ಹೋಗಿ ಹುಡುಕಿದ್ರಾ?"

ಅಮ್ಜದ್ ಚೌಕಟ್ಟಿನಿಂದ ಕಣ್ಣು ತಿರುಗಿಸಿದ. "ಹೌದ್ರಿ."

ರಶ್ಮಿ ಮೊಬೈಲು ತೆಗೆದಳು. "ಅಂಕಲ್, ರಾತ್ರಿ ನಮ್ಮ ಸಂಗ್ರಹಕಾರರ ಪೇಜಿನಲ್ಲಿ ಇದನ್ನ ನೋಡಿದೆ. ಹಾಕಿದವರು ಹೆಸರು ಬರೆದಿಲ್ಲ."

ನಲವತ್ತು ಸೆಕೆಂಡಿನ ತುಣುಕು. ಬಾಂಗೋ. ವೈಬ್ರಫೋನ್. ಕೋಗಿಲೆ. ಅದರ ಹಿಂದೆಯೇ 'ಟಕ್' ಎಂದು ಗೀರಿನ ಸದ್ದು.

"ನಂದೇ!" ಅಮ್ಜದ್ ಅರ್ಧ ಎದ್ದ. "ಕರೆಂಟ್ ಹೋಗಿ ಬಂದಾಗ ಮುಳ್ಳು ಜಾರಿ ಆದ ಗೀರು ಅದು. ನಂದೇ ಪ್ಲೇಟು! ಕೆಳಗೆ ಏನೋ ಬರೆದಾರಲ್ಲ, ಓದಮ್ಮ."

ರಶ್ಮಿ ಹಿಂಜರಿಯುತ್ತ ಓದಿದಳು: "'ನನ್ನ ತಂದೆಯವರಿದ್ದ ಬ್ಯಾಂಡಿನ ರೆಕಾರ್ಡು. ಹಕ್ಕಿಗಳ ಕೂಗೆಲ್ಲ ಅವರ ಬಾಯಿಯದೇ. ನಾನೇ ಹುಡುಕಿ ತೆಗೆದದ್ದು. ಮಾರಾಟಕ್ಕಿಲ್ಲ.'"

ಅಮ್ಜದ್ ಕೈ ಚಾಚಿ ಮೊಬೈಲನ್ನು ನಿಲ್ಲಿಸಿಬಿಟ್ಟ. ತುಣುಕು ಇನ್ನೂ ಮುಗಿದಿರಲಿಲ್ಲ. "ಬ್ಯಾಡ. ಮುಂದ ಕೇಳಾಕ ನನ್ನ ಕೈಲಿ ಆಗಲ್ಲ. ಕದ್ದದ್ದು ಸಾಲ್ದು ಅಂತ ನಮ್ಮಪ್ಪನ್ನೂ ಅವರಪ್ಪ ಮಾಡ್ಕೊಂಡಾರ!"

ಆಶಾರಾಣಿ ಮೊಬೈಲನ್ನು ತೆಗೆದುಕೊಂಡು ಹೊರಗಿನ ಪಡಸಾಲೆಗೆ ಹೋದರು. ಒಮ್ಮೆ ಕೇಳಿದರು. ಮತ್ತೊಮ್ಮೆ ಕೇಳಿದರು. ಒಳಗೆ ಬಂದು ಕೇಳಿದರು:

"ಈ ಹಾಡಿನಾಗ ನಿಮ್ಮ ತಂದಿಯವರು ಎಷ್ಟು ಹಕ್ಕಿ ಕೂಗ್ತಾರ?"

"ಮೂರು. ಕೋಗಿಲೆ, ಗುಬ್ಬಿ, ನವಿಲು."

"ಖಾತ್ರಿ?"

"ನಿದ್ದಿಯಾಗ ಎಬ್ಬಿಸಿ ಕೇಳಿದ್ರೂ ಮೂರೇ."

ಆಶಾರಾಣಿ ಅಡುಗೆಮನೆಯ ಕಡೆ ನಡೆದರು; ಅಮ್ಜದ್ ಹಿಂದೆಯೇ ಹೋದ. ಅಖ್ತರ್ ಬಾನು ಬಂದವರಿಗೆ ಆಮ್ಲೆಟ್ ಮಾಡಲು ಹೊರಟಿದ್ದಳು. ಮೊಟ್ಟೆಯನ್ನು ಪಾತ್ರೆಯ ಅಂಚಿಗೆ ಕುಕ್ಕಿದಳು; ಒಡೆಯಲಿಲ್ಲ. ಮತ್ತೆ ಕುಕ್ಕಿದಳು. ಕೊನೆಗೆ ಚಮಚ ತೆಗೆದುಕೊಂಡು ಹೊಡೆದಳು.

"ಕಲ್ಲು ಇದ್ದಂಗ ಅದಾವ್ರಿ," ಎಂದು ನಕ್ಕಳು. "ಮಾರುತಿ ಭಾಯ್ ತರೋ ನಾಟಿ ಮೊಟ್ಟೆ. ಅವ್ರೇ ಕೋಳಿ ಸಾಕ್ತಾರ."

ಆಶಾರಾಣಿ ಬುಟ್ಟಿಯಿಂದ ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಸಣ್ಣದು, ಒಂದು ತುದಿ ಚೂಪು, ಕಂದು ಮೈಮೇಲೆ ಚುಕ್ಕೆ. ಅಮ್ಜದನ ಕಡೆ ತಿರುಗಿ ಕೇಳಿದರು, "ಮಾರುತಿಯವ್ರ ಹೊಸ ಮನಿ ನೋಡೀರೇನು?"

"ಇಲ್ರಿ. ಕಟ್ಟಿ ಎರಡು ವರ್ಷ ಆತು. ಅವನೇ ಇಲ್ಲಿಗೆ ಬರ್ತಾನಲ್ಲ... ನನಗ ಹೋಗೋದೇ ಆಗಿಲ್ಲ."

"ಹಂಗಾರ ನಾಳೆ ಹೋಗಿ ನೋಡಾನ ಬರ್ರಿ."

"ಮಾರುತಿ ಮನಿಗಾ? ಯಾಕ ಮೇಡಂ? ಅವನ ಮ್ಯಾಲೆ ಅನುಮಾನ ಮಾಡಿದ್ರ ನನ್ನ ಮ್ಯಾಲೆ ಮಾಡಿದಂಗ!"

ಆಶಾರಾಣಿ ಮೊಟ್ಟೆಯನ್ನು ಬುಟ್ಟಿಗೆ ಇಟ್ಟರು. "ಬರ್ರಿ ನೀವು," ಎಂದಷ್ಟೇ ಹೇಳಿದರು.

*

ರಶ್ಮಿಯ ಕಾರು ಹರಿಹರ ದಾಟಿ ಸಾರಥಿಯ ದಾರಿ ಹಿಡಿದಾಗ ಬೆಳಿಗ್ಗೆ ಹತ್ತು. ಇಂಥ ಕೆಲಸಕ್ಕೆ ಗೆಳೆಯನ ಮನೆಗೆ ಹೊರಟೆನಲ್ಲ ಎಂದು ಅಮ್ಜದನಿಗೆ ನಾಚಿಕೆಯಾಗಿತ್ತು. ಇದು ಸುಳ್ಳಾಗಲಿ, ಮಾರುತಿಯ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ ಎಂದುಕೊಂಡ.

ಮಾರುತಿ ಅಂಗಳದಲ್ಲೇ ಇದ್ದ. ಅಮ್ಜದನನ್ನು ಕಂಡು ಅವನ ಮುಖ ಅರಳಿತು. ಹಿಂದಿದ್ದ ಆಶಾರಾಣಿಯನ್ನು ಕಂಡು ಆ ನಗು ಅಲ್ಲೇ ನಿಂತಿತು.

"ಬರ್ರಿ, ಕೂಡ್ರಿ. ಚಾ ಮಾಡ್ಲಾ?"

"ಚಾ ಆಮ್ಯಾಲೆ," ಎಂದರು ಆಶಾರಾಣಿ. "ಮೊದ್ಲು ಇದನ್ನ ಪೂರಾ ಕೇಳಾನ. ಸಾಬ್ರೇ, ಇವತ್ತು ನಿಲ್ಲಿಸಬ್ಯಾಡ್ರಿ."

ಮೊಬೈಲಿನ ಸದ್ದು ಜೋರು ಮಾಡಿದರು. ಕೋಗಿಲೆ ಕೂಗಿತು. ಗೀರು 'ಟಕ್' ಎಂದಿತು. ಗುಬ್ಬಿ ಬಂತು. ನವಿಲು ಬಂತು. ಅಮ್ಜದ್ ತುಟಿ ಕಚ್ಚಿ ನಿಂತಿದ್ದ. ಆಗ, ಗಿಟಾರಿನ ಎಳೆಯ ನಡುವೆ, ಒರಟಾದ ಕೂಗೊಂದು–

ಕಕ್ರಕ್, ಕಕ್ರಕ್, ಕಕ್ರಕ್!

"ಇದು ನಮ್ಮಪ್ಪಂದಲ್ಲ!" ಅಮ್ಜದ್ ತಲೆಯೆತ್ತಿದ.

ಮರುಗಳಿಗೆಯಲ್ಲೇ ಮನೆಯ ಹಿತ್ತಲಿನಿಂದ ಉತ್ತರ ಬಂತು. ಕಕ್ರಕ್! ಕಕ್ರಕ್! ಬೂದು ಮೈಮೇಲೆ ಬಿಳಿ ಚುಕ್ಕೆಯ ಏಳೆಂಟು ಹಕ್ಕಿಗಳು, ಮೊಬೈಲಿನಲ್ಲಿ ತಮ್ಮವರು ಕರೆದರೆಂದು, ಕತ್ತು ಚಾಚಿಕೊಂಡು ಅಂಗಳಕ್ಕೆ ಓಡಿಬಂದವು.

"ಗಿನಿಕೋಳಿ," ಎಂದರು ಆಶಾರಾಣಿ. "ನಮ್ಮೂರಾಗ ಹಾವು ಹತ್ರ ಬರಬಾರ್ದು ಅಂತ ಸಾಕ್ತಾರ. ರಶ್ಮಿ ಈ ತುಣುಕನ್ನ ಪೂರಾ ಕೇಳಿದ್ಲು, ಪೇಜಿನಾಗ ನೂರಾರು ಮಂದಿ ಕೇಳ್ಯಾರ. ಕಾಡಿನ ಸಂಗೀತ ಅಲ್ಲೇನು – ಎಲ್ಲಾರೂ ಇದನ್ನೂ ಹಾಡಿನ ಹಕ್ಕಿ ಅಂತ ತಿಳಕೊಂಡ್ರು. ಸಾಬ್ರು ಒಬ್ರಿಗೇ ಇದು ಹೊರಗಿನದು ಅಂತ ಗೊತ್ತಾಗ್ತಿತ್ತು. ಅವ್ರು ಸಂಕಟಕ್ಕ ನಡುವೇ ನಿಲ್ಲಿಸಿಬಿಟ್ರು. ನನಗ ಸಂಗೀತ ಗೊತ್ತಿಲ್ಲ, ಕೋಳಿ ಗೊತ್ತು. ತೆರೆದ ಬಾಗ್ಲ ಹತ್ರ ಪ್ಲೇಟು ಹಾಕಿ ಮೊಬೈಲಿನಾಗ ಹಿಡದಾರ ಅಂತ ಆಗ್ಲೇ ಅನಿಸ್ತು. ಆಮ್ಯಾಲೆ ಅಡಿಗಿಮನಿಯಾಗ ಮೊಟ್ಟಿ ನೋಡಿದೆ. ನಾಟಿ ಕೋಳಿ ಮೊಟ್ಟಿ ಅಷ್ಟು ಗಟ್ಟಿ ಇರಲ್ಲ. ಅದು ಗಿನಿಕೋಳಿದು."

"ಅಶ್ಫಾಕನ ಚೀಟಿ?" ರಶ್ಮಿ ಕೇಳಿದಳು.

"ಅವನೇ ಕದ್ದಿದ್ರ ತನ್ನ ಚೀಟಿ ಬಿಟ್ಟು ಹೋಗ್ತಿದ್ನಾ? ವ್ಯಾಪಾರಸ್ಥ ಕದ್ದ ಮಾಲು ಹಿಡ್ಕೊಂಡು 'ಮಾರಾಟಕ್ಕಿಲ್ಲ' ಅಂತ ಬರೀತಾನಾ? ಕದ್ದೋರಿಗೆ ಬೇಕಾಗಿದ್ದು ದುಡ್ಡಲ್ಲ. 'ನಾನೇ ಹುಡುಕಿ ತೆಗೆದದ್ದು' – ಆ ಮಾತು ಬರೆಯೋ ಸಲುವಾಗೇ ಈ ಕಳ್ಳತನ ಆಗೈತಿ. ಹೌದಲ್ಲೇನ್ರಿ ಮಾರುತಿಯವ್ರೇ?"

ಮಾರುತಿ ಒಳಗೆ ಹೋದ. ಬಿಳಿ ಪಂಚೆಯಲ್ಲಿ ಸುತ್ತಿದ್ದ ರೆಕಾರ್ಡನ್ನು ತಂದು ಕಟ್ಟೆಯ ಮೇಲಿಟ್ಟ.

"ದಿನಾ ಕೇಳಿ ಕೇಳಿ ಇವುಗಳ ಕೂಗು ನನ್ನ ಕಿವಿಗೆ ಬೀಳೋದೇ ಇಲ್ಲ," ಎಂದ, ಕೋಳಿಗಳನ್ನು ನೋಡುತ್ತ.

ಅಮ್ಜದ್ ಕಟ್ಟೆಯ ಮೇಲೆ ಕೂತ. "ಯಾಕೋ?"

"ಯಾಕ ಅಂತ ನೀನು ಕೇಳ್ತೀಯಾ?" ಮಾರುತಿಯ ದನಿ ಏರಿತು. "ಆ ಗುಜರಿ ರಾಶಿಯಾಗ ಕೈ ಹಾಕಿ ಇದನ್ನ ತೆಗದೋನು ಯಾರು? ನಾನು. ಕವರಿನ ಹಿಂದಿನ ಹೆಸರು ಓದಿ, ಫ್ಯಾಕ್ಟರಿ ಪಾಳಿ ಬಿಟ್ಟು, ಬಸ್ ಹತ್ತಿ ನಿನ್ನ ಮನಿಗೆ ತಂದು ಕೊಟ್ಟೋನು ಯಾರು? ನಾನು! ಪೇಪರಿನವರ ಮುಂದ ಏನಂದಿ? 'ನಾನೇ ಊರೂರು ಅಲೆದು ಹುಡುಕಿದೆ' ಅಂದಿ. ನನ್ನ ಹೆಸರು ಎಲ್ಲಿತ್ತು? ಎರಡು ವರ್ಷದಾಗ ಒಂದು ಸಲ ಈ ಮನಿಗೆ ಬಂದೀಯೇನು?"

ರಶ್ಮಿ ಅಮ್ಜದನತ್ತ ತಿರುಗಿದಳು. ಅಮ್ಜದ್ ತಲೆ ತಗ್ಗಿಸಿದ. ಸುಳ್ಳೆಂದು ಹೇಳುವಂತಿರಲಿಲ್ಲ. ಪತ್ರಿಕೆಯವನು ಕೇಳಿದಾಗ ಮಾತು ಹೇಗೋ ಹಾಗೆ ಬಂದುಬಿಟ್ಟಿತ್ತು. ಆಮೇಲೆ ತಿದ್ದಲು ಮನಸ್ಸಾಗಿರಲಿಲ್ಲ.

"ಅದು ನನ್ನ ತಪ್ಪು," ಎಂದ. "ಮುಖಕ್ಕ ಉಗುಳಿದ್ರೂ ಉಗುಳಿಸಿಕೊಳ್ತಿದ್ದೆ. ಆದ್ರ ನಮ್ಮಪ್ಪನ್ನ ಯಾಕ ಕಸಗೊಂಡಿ?"

ಮಾರುತಿಯ ದನಿ ಇಳಿಯಿತು. "ಬರೀವಾಗ ಹಂಗ ಬಂದುಬಿಡ್ತು. ಬರೀಬಾರ್ದಿತ್ತು."

"ಅಶ್ಫಾಕನ ಅಂಗಡಿ ಪ್ಲೇಟನ್ನೇ ಕೊಂಡು ತಂದು ಯಾಕ ಇಟ್ಟಿ? ಅವನ ಮ್ಯಾಲೆ ಬರ್ಲಿ ಅಂತ ಇಟ್ಟಿಯಾ?"

ಮಾರುತಿ ಕಾಲ ಬಳಿ ಬಂದ ಕೋಳಿಯನ್ನು ಅತ್ತ ಅಟ್ಟಿದ.

"ಭಾನುವಾರ ನನ್ನ ಹೆಗಲ ಮ್ಯಾಲೆ ಕೈ ಇಟ್ಟಿ, ಮಾರುತಿ. 'ಸಮಾಧಾನ ಮಾಡ್ಕೋ' ಅಂದಿ. 'ಹುಡುಗ ತಪ್ಪು ಮಾಡ್ಯಾನ' ಅಂದಿ." ಅಮ್ಜದ್ ತನ್ನ ಹೆಗಲು ಮುಟ್ಟಿಕೊಂಡ. "ಪ್ಲೇಟು ಒಯ್ದಿದ್ದನ್ನ ಮರೀಬಹುದು. ಆ ಕೈ ಮರೆಯಾಕ ಆಗಲ್ಲ."

"ಕಂಪ್ಲೇಂಟ್ ಕೊಡ್ತೀರಾ?" ಆಶಾರಾಣಿ ಕೇಳಿದರು.

"ಬ್ಯಾಡ್ರಿ," ಎಂದು ಅಮ್ಜದ್ ರೆಕಾರ್ಡನ್ನು ಎತ್ತಿಕೊಂಡ. ಪಂಚೆಯನ್ನು ಬಿಚ್ಚಿ, ಮಡಚಿ, ಕಟ್ಟೆಯ ಮೇಲೆಯೇ ಬಿಟ್ಟ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ಹೋಗಿಬರ್ತೀನಿ ಎಂದು ಹೇಳದೆ ಮಾರುತಿಯನ್ನು ಬಿಟ್ಟು ಹೊರಟ.

*

ರಶ್ಮಿ ಅಮ್ಜದನನ್ನು ನೇರ ಅಶ್ಫಾಕನ ಅಂಗಡಿಯ ಮುಂದೆ ಇಳಿಸಿ ಹೋದಳು. ಅಶ್ಫಾಕ್ ಹಳೆಯ ರೇಡಿಯೋ ಒಂದರ ಧೂಳು ಒರೆಸುತ್ತಿದ್ದ. ಮಾಮುವಿನ ಕೈಯಲ್ಲಿದ್ದ ಪ್ಲೇಟನ್ನು ಕಂಡು ಎದ್ದು ನಿಂತ.

ಅಮ್ಜದ್ ಎಲ್ಲವನ್ನೂ ಹೇಳಿದ. ಪತ್ರಿಕೆಗೆ ಹೇಳಿದ ಸುಳ್ಳನ್ನೂ ಬಿಡದೆ ಹೇಳಿದ. "ನಿನ್ನ ಮಾತು ಕೇಳಾಕೂ ನಾನು ಬಿಡಲಿಲ್ಲ ಬೇಟಾ. ಮಾಫ್ ಮಾಡು."

ಅಶ್ಫಾಕ್ ಒಳಗಿನಿಂದ ಕುರ್ಚಿ ತಂದು ಹಾಕಿದ. "ಕೂಡ್ರಿ ಮಾಮು." ಪಕ್ಕದ ಹೋಟೆಲಿಗೆ ಕೂಗಿ ಎರಡು ಚಹಾ ಹೇಳಿದ. ಚಹಾ ಬಂತು, ಇಬ್ಬರೂ ಕುಡಿದರು. ಅಮ್ಜದನ ಎದೆಯ ಭಾರ ಸ್ವಲ್ಪ ಇಳಿದಂತಾಯಿತು.

"ಹಂಗಾರ ಈ ಭಾನುವಾರ ಬರ್ತೀಯಲ್ಲಪ್ಪ? ಇಬ್ರೂ ಕೂತು ಕೇಳಾನ."

ಅಶ್ಫಾಕ್ ಖಾಲಿ ಲೋಟಗಳನ್ನು ಎತ್ತಿಕೊಂಡ.

"ಅವರು ನನಗೂ ನಾನಾ ಆಗ್ಬೇಕಲ್ಲ ಮಾಮು," ಎಂದ ಮೆತ್ತಗೆ. "ಅವರನ್ನ ನಾನು ಮಾರ್ತೀನಾ ಅಂತ ಅವತ್ತು ಅಷ್ಟು ಮಂದಿ ಮುಂದ ನಿಮಗ ಅನಿಸಲಿಲ್ಲ. ಈದ್‌ಗೆ ಮನಿಗೆ ಬರ್ತೀನಿ, ಅಮ್ಮನ್ನೂ ಕರ್ಕೊಂಡು ಬರ್ತೀನಿ. ಭಾನುವಾರ ಮಾತ್ರ ಬರಾಕ ಆಗಲ್ಲ."

ಅಮ್ಜದ್ ರೆಕಾರ್ಡನ್ನು ಎದೆಗೆ ಅವಚಿಕೊಂಡು ಎದ್ದ. ಅಶ್ಫಾಕ್ ರಸ್ತೆಯವರೆಗೂ ಬಂದ, ಆಟೋ ನಿಲ್ಲಿಸಿದ, ಮಾಮುವನ್ನು ಜೋಪಾನವಾಗಿ ಹತ್ತಿಸಿದ. ಆಟೋ ಹೊರಡುವ ಮೊದಲೇ ತಿರುಗಿ ಅಂಗಡಿಯೊಳಗೆ ಹೋದ.